ಸ್ಲೈಡ್ ನೋಡುವ ಯಂತ್ರ: ಗರ್ಭಕಂಠ ಕ್ಯಾನ್ಸರ್ ತಪಾಸಣೆಯಲ್ಲಿ ಕಂಪ್ಯೂಟರ್ ಏನು ಮಾಡುತ್ತದೆ?

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ಮೂರು ಇಂಚು ಉದ್ದ, ಒಂದು ಇಂಚು ಅಗಲದ ಒಂದು ಗಾಜಿನ ಸ್ಲೈಡ್ ತೆಗೆದುಕೊಳ್ಳಿ. ಗರ್ಭಕಂಠದ ತಪಾಸಣೆಗೆಂದು ಒಬ್ಬ ಮಹಿಳೆಯಿಂದ ತೆಗೆದ ಮಾದರಿಯನ್ನು ಅದರ ಮೇಲೆ ಹಚ್ಚಿದರೆ, ಸುಮಾರು 50,000ದಿಂದ 3,00,000ದಷ್ಟು ಜೀವಕೋಶಗಳು ಅಲ್ಲಿ ಸೇರುತ್ತವೆ. ಅಷ್ಟರಲ್ಲಿ ಕೆಟ್ಟುಹೋಗಲು ಶುರುವಾದ ಜೀವಕೋಶಗಳು ಕೆಲವೇ ಕೆಲವು ಇರಬಹುದು. ಅವನ್ನು ಕಂಡುಹಿಡಿದರೆ ಆ ಮಹಿಳೆಗೆ ಕ್ಯಾನ್ಸರ್ ಬರುವ ಮೊದಲೇ ಚಿಕಿತ್ಸೆ ಕೊಡಬಹುದು. ಕಣ್ಣು ತಪ್ಪಿದರೆ ವರದಿಯಲ್ಲಿ "ಎಲ್ಲ ಸರಿಯಾಗಿದೆ" ಎಂದು ಬರುತ್ತದೆ, ಅವರು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ.

ಈ ಹುಡುಕಾಟವನ್ನು ಮನುಷ್ಯರು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಹಲವು ದಶಕ ಮಾಡಿದ್ದಾರೆ. ಈಗ ಹಲವು ದೇಶಗಳಲ್ಲಿ ಯಂತ್ರಗಳು ಅವರಿಗೆ ನೆರವಾಗುತ್ತಿವೆ. ಇದು ವಿಜ್ಞಾನ ವಿಭಾಗದವರ ವಿಷಯ, ವಾಣಿಜ್ಯ ವಿದ್ಯಾರ್ಥಿನಿಗೆ ಇಲ್ಲೇನು ಕೆಲಸ ಎಂದು ನೀವು ಕೇಳಬಹುದು. ಓದುತ್ತಾ ಹೋದಂತೆ ನನಗೆ ಇದು ಆಡಿಟ್‌ನ ಕಥೆಯ ಹಾಗೆ ಕಂಡಿತು. ಸಾವಿರಾರು ವೋಚರ್‌ಗಳಲ್ಲಿ ತಪ್ಪಿರುವ ಒಂದೆರಡನ್ನು ಹುಡುಕುವುದು ಹೇಗೆ? ಎಲ್ಲವನ್ನೂ ನೋಡಬೇಕೇ, ಆಯ್ದು ನೋಡಿದರೆ ಸಾಕೇ? ಆಯ್ದು ಕೊಡುವವರು ಯಾರು? ಕೆಲಸ ಬೇಗ ಮುಗಿದರೆ ಅದು ಸರಿಯಾಗಿಯೂ ಆಗಿದೆ ಎಂದು ಅರ್ಥವೇ? ಇವೇ ಪ್ರಶ್ನೆಗಳು ಇಲ್ಲಿಯೂ ಇವೆ.

ಮೊದಲು, ಈ ಪರೀಕ್ಷೆ ಏನು?

ಗರ್ಭಕೋಶದ ಕೆಳಭಾಗದ ಕಿರಿದಾದ ಬಾಯಿಗೆ ಗರ್ಭಕಂಠ ಎನ್ನುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ ಹೇಳುವುದಾದರೆ ಬಚ್ಚೇದಾನಿಯ ಬಾಯಿ. ಇಲ್ಲಿ ಬರುವ ಕ್ಯಾನ್ಸರ್‌ಗೆ ಬಹುತೇಕ ಎಲ್ಲ ಸಂದರ್ಭಗಳಲ್ಲೂ ಎಚ್‌ಪಿವಿ ಎಂಬ ವೈರಸ್ ಕಾರಣ. ಇದನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಈ ವೈರಸ್‌ನಲ್ಲಿ ಹಲವು ಬಗೆಗಳಿವೆ. ಅವುಗಳಲ್ಲಿ 16 ಮತ್ತು 18 ಎಂಬ ಸಂಖ್ಯೆಯ ಎರಡು ಬಗೆಗಳೇ ಸುಮಾರು ಶೇಕಡಾ 70ರಷ್ಟು ಗರ್ಭಕಂಠ ಕ್ಯಾನ್ಸರ್‌ಗೆ ಕಾರಣವಾಗುತ್ತವೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಈ ವೈರಸ್ ದೈಹಿಕ ಸಂಬಂಧದಿಂದ ಹರಡುತ್ತದೆ. ಹಾಗೆಂದ ಮಾತ್ರಕ್ಕೆ ರೋಗ ಬಂದವರ ನಡತೆಯ ಬಗ್ಗೆ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಇದು ಬಹಳ ಸಾಮಾನ್ಯವಾದ ವೈರಸ್. ವೈವಾಹಿಕ ಜೀವನ ನಡೆಸುವ ಹೆಚ್ಚಿನವರಿಗೆ, ಗಂಡಸರಿಗೂ ಹೆಂಗಸರಿಗೂ, ಯಾವಾಗಲಾದರೂ ಒಮ್ಮೆ ತಗುಲುತ್ತದೆ. ಹೆಚ್ಚಿನವರ ದೇಹ ಅದನ್ನು ತಾನೇ ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದು, ಗರ್ಭಕಂಠದ ಜೀವಕೋಶಗಳನ್ನು ನಿಧಾನವಾಗಿ ಬದಲಿಸುತ್ತದೆ. ಈ ಬದಲಾವಣೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಬೇಕು. ಇಷ್ಟು ದೀರ್ಘ ಕಾಲಾವಕಾಶ ಕೊಡುವ ಕ್ಯಾನ್ಸರ್‌ಗಳು ಕಡಿಮೆ. ತಪಾಸಣೆಗೆ ಅರ್ಥ ಬರುವುದೇ ಇದರಿಂದ.

ಜೀವಕೋಶಗಳನ್ನು ನೋಡಿ ಈ ಬದಲಾವಣೆ ಗುರುತಿಸುವ ವಿಧಾನವನ್ನು ರೂಪಿಸಿದವರು ಜಾರ್ಜ್ ಪಾಪನಿಕೊಲೌ. 1883ರಲ್ಲಿ ಗ್ರೀಸ್ ದೇಶದಲ್ಲಿ ಹುಟ್ಟಿದ ಇವರು 1913ರಲ್ಲಿ ಅಮೆರಿಕಕ್ಕೆ ಹೋಗಿ, ನ್ಯೂಯಾರ್ಕ್‌ನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಮಾಡಿದರು. ಅವರ ಪತ್ನಿ ಆಂಡ್ರೊಮಾಖೆ ಅದೇ ಪ್ರಯೋಗಾಲಯದಲ್ಲಿ ದುಡಿಯುತ್ತಾ, ವರ್ಷಗಟ್ಟಲೆ ತಮ್ಮದೇ ಮಾದರಿಗಳನ್ನು ಅಧ್ಯಯನಕ್ಕೆ ಕೊಟ್ಟರು. 1928ರಲ್ಲಿ ಪಾಪನಿಕೊಲೌ ತಮ್ಮ ವಿಧಾನವನ್ನು ಮೊದಲು ಮಂಡಿಸಿದಾಗ ಹೆಚ್ಚಿನವರು ಗಮನ ಕೊಡಲಿಲ್ಲ. 1943ರಲ್ಲಿ ಹರ್ಬರ್ಟ್ ಟ್ರಾಟ್ ಎಂಬ ವೈದ್ಯರ ಜೊತೆ ಪುಸ್ತಕ ಪ್ರಕಟಿಸಿದ ಮೇಲೆ ಅದು ಎಲ್ಲೆಡೆ ಹರಡಿತು. ಅವರ ಹೆಸರಿನ ಮೊದಲ ಅಕ್ಷರಗಳಿಂದಲೇ ಇದಕ್ಕೆ ಪ್ಯಾಪ್ ಪರೀಕ್ಷೆ ಎಂಬ ಹೆಸರು ಬಂತು.

ಪರೀಕ್ಷೆ ಸರಳ. ವೈದ್ಯರು ಅಥವಾ ನರ್ಸ್ ಚಿಕ್ಕ ಬ್ರಷ್‌ನಿಂದ ಗರ್ಭಕಂಠದ ಮೇಲ್ಮೈಯನ್ನು ಮೃದುವಾಗಿ ಸವರಿ ಜೀವಕೋಶಗಳನ್ನು ತೆಗೆಯುತ್ತಾರೆ. ಕೆಲವೇ ನಿಮಿಷಗಳ ಕೆಲಸ, ಕತ್ತರಿ ಹಾಕುವುದಿಲ್ಲ. ಆಮೇಲೆ ಸ್ಲೈಡ್‌ಗೆ ಬಣ್ಣ ಹಾಕುತ್ತಾರೆ. ಆರೋಗ್ಯವಂತ ಜೀವಕೋಶ ಅಗಲವಾಗಿದ್ದು ನಡುವಿನ ಕೋಶಕೇಂದ್ರ ಚಿಕ್ಕದಾಗಿ ಕಾಣುತ್ತದೆ. ಕೆಟ್ಟ ಜೀವಕೋಶದ ಕೇಂದ್ರ ದೊಡ್ಡದು, ಕಪ್ಪು, ಅಂಚು ಅಂಕುಡೊಂಕು. ಈ ವ್ಯತ್ಯಾಸವನ್ನೇ ಹುಡುಕಬೇಕು.

ಕಣ್ಣು ದಣಿದರೆ?

ಸ್ಲೈಡ್‌ಗಳನ್ನು ಮೊದಲು ನೋಡುವವರು ಸೈಟೋಟೆಕ್ನಾಲಜಿಸ್ಟ್‌ಗಳು. ಅನುಮಾನ ಬಂದದ್ದನ್ನು ಗುರುತು ಹಾಕಿ ಪ್ಯಾಥಾಲಜಿಸ್ಟ್ ವೈದ್ಯರಿಗೆ ಕಳಿಸುತ್ತಾರೆ. ಹೆಚ್ಚಿನ ಸ್ಲೈಡ್‌ಗಳಲ್ಲಿ ಏನೂ ಸಿಗುವುದಿಲ್ಲ. ಏನೂ ಸಿಗದ ಕಡೆ ದಿನವಿಡೀ ಅದೇ ಎಚ್ಚರದಿಂದ ಹುಡುಕುವುದು ಎಷ್ಟು ಕಷ್ಟ ಎಂದು, ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದೆ ಲೆಡ್ಜರ್ ತಿರುವಿ ಹಾಕಿದವರಿಗೆಲ್ಲ ಗೊತ್ತು.

1987ರಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ವಾಲ್ಟ್ ಬೊಗ್ಡಾನಿಚ್ ಎಂಬ ವರದಿಗಾರರು ಅಲ್ಲಿನ ಪ್ರಯೋಗಾಲಯಗಳ ಬಗ್ಗೆ ಬರೆದರು. ಕೆಲವು ಕಡೆ ಸಿಬ್ಬಂದಿ ಮಿತಿಮೀರಿ ಸ್ಲೈಡ್‌ಗಳನ್ನು ನೋಡುತ್ತಿದ್ದರು, ಅವಸರದಲ್ಲಿ ಕ್ಯಾನ್ಸರ್ ಲಕ್ಷಣಗಳು ಕಣ್ತಪ್ಪುತ್ತಿದ್ದವು ಎಂಬುದು ಬೆಳಕಿಗೆ ಬಂತು. ಆ ವರದಿಗಳಿಗೆ 1988ರಲ್ಲಿ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು. ಅದೇ ವರ್ಷ ಅಮೆರಿಕದ ಸಂಸತ್ತು ಪ್ರಯೋಗಾಲಯಗಳ ಗುಣಮಟ್ಟಕ್ಕಾಗಿ ಕಾನೂನು ತಿದ್ದಿತು. ಅದರ ನಿಯಮಗಳ ಪ್ರಕಾರ ಒಬ್ಬರು 24 ಗಂಟೆಗಳಲ್ಲಿ 100ಕ್ಕಿಂತ ಹೆಚ್ಚು ಸ್ಲೈಡ್ ನೋಡುವಂತಿಲ್ಲ. "ಸರಿಯಿದೆ" ಎಂದು ಪಕ್ಕಕ್ಕಿಟ್ಟ ಸ್ಲೈಡ್‌ಗಳಲ್ಲಿ ಕನಿಷ್ಠ ಶೇಕಡಾ 10ರಷ್ಟನ್ನು ಮತ್ತೆ ನೋಡಬೇಕು.

ಆಡಿಟ್ ಪಾಠದಲ್ಲಿ ಟೆಸ್ಟ್ ಚೆಕಿಂಗ್ ಎಂದು ಓದುವುದು ಇದನ್ನೇ. ಆದರೆ ಅದರ ದೌರ್ಬಲ್ಯವೂ ಇಲ್ಲಿದೆ. ಹತ್ತರಲ್ಲಿ ಒಂದನ್ನು ಮತ್ತೆ ನೋಡಿದರೆ ಉಳಿದ ಒಂಬತ್ತು ಹಾಗೆಯೇ ಉಳಿಯುತ್ತವೆ. ತಪ್ಪಿಹೋದ ಸ್ಲೈಡ್ ಆ ಒಂಬತ್ತರಲ್ಲಿದ್ದರೆ? ಯಾವ ಸ್ಲೈಡನ್ನು ಮತ್ತೆ ನೋಡಬೇಕು ಎಂದು ಯಾರಾದರೂ ಮುಂಚೆಯೇ ಹೇಳಿದರೆ ಚೆನ್ನಲ್ಲವೇ? ಈ ಆಸೆಯೇ ಯಂತ್ರಗಳ ಕಡೆಗೆ ಎಳೆಯಿತು.

ಯಂತ್ರದ ಮೊದಲ ಹೆಜ್ಜೆಗಳು

ಯತ್ನ ಶುರುವಾದದ್ದು ಬಹಳ ಹಿಂದೆ. 1950ರ ದಶಕದಲ್ಲೇ ಅಮೆರಿಕದಲ್ಲಿ ಸೈಟೋಅನಲೈಸರ್ ಎಂಬ ಯಂತ್ರ ತಯಾರಾಯಿತು. ಕೋಶಕೇಂದ್ರದ ಗಾತ್ರ ಮತ್ತು ಕಪ್ಪು ಎಷ್ಟಿದೆ ಎಂದು ಅಳೆದು ಕೆಟ್ಟದ್ದನ್ನು ಬೇರೆ ಮಾಡುವುದು ಅದರ ಉದ್ದೇಶ. ಅದು ಯಶಸ್ವಿಯಾಗಲಿಲ್ಲ. ಹಳೆಯ ವಿಧಾನದಲ್ಲಿ ಮಾದರಿಯನ್ನು ಕೈಯಿಂದ ಸ್ಲೈಡ್ ಮೇಲೆ ಸವರುತ್ತಿದ್ದರು. ಜೀವಕೋಶಗಳು ಒಂದರ ಮೇಲೊಂದು ಬೀಳುತ್ತಿದ್ದವು, ನಡುವೆ ರಕ್ತ, ಲೋಳೆ, ಬಿಳಿ ರಕ್ತಕಣಗಳು. ಎರಡು ಆರೋಗ್ಯವಂತ ಕೋಶಕೇಂದ್ರಗಳು ಒಂದರ ಮೇಲೊಂದು ಕೂತರೆ ಯಂತ್ರಕ್ಕೆ ಅದು ಒಂದು ದೊಡ್ಡ ಕಪ್ಪು ಕೇಂದ್ರವಾಗಿ ಕಾಣುತ್ತದೆ. ಹೀಗೆ ಸುಳ್ಳು ಎಚ್ಚರಿಕೆಗಳೇ ಹೆಚ್ಚಾದವು. ಮನುಷ್ಯನ ಕಣ್ಣು ಇಂಥ ಗದ್ದಲದ ನಡುವೆಯೂ ನೋಡಬಲ್ಲದು, ಅಂದಿನ ಯಂತ್ರಕ್ಕೆ ಅದು ಆಗಲಿಲ್ಲ.

1990ರ ದಶಕದಲ್ಲಿ ಕಂಪ್ಯೂಟರ್‌ಗಳು ಬಲವಾದ ಮೇಲೆ ಎರಡು ಯಂತ್ರಗಳು ಬಂದವು. ಮೊದಲನೆಯದು ಪ್ಯಾಪ್‌ನೆಟ್. ಇದು ನ್ಯೂರಲ್ ನೆಟ್‌ವರ್ಕ್ ಬಳಸಿ, ಒಂದು ಸ್ಲೈಡ್‌ನಿಂದ ಅನುಮಾನ ಹುಟ್ಟಿಸುವ 128 ಚಿತ್ರಗಳನ್ನು ಆರಿಸಿ ಪರದೆಯ ಮೇಲೆ ತೋರಿಸುತ್ತಿತ್ತು. ಇಂದು ಎಲ್ಲರ ಬಾಯಲ್ಲೂ ಇರುವ ಕೃತಕ ಬುದ್ಧಿಮತ್ತೆಯ ತಂತ್ರವೇ ಇದು. ನಾವು ಹುಟ್ಟುವುದಕ್ಕೆ ಹತ್ತು ವರ್ಷಕ್ಕೂ ಮೊದಲೇ ಇದು ಪ್ರಯೋಗಾಲಯದೊಳಗೆ ಬಂದಿತ್ತು ಎಂದು ಓದಿ ನನಗೆ ಆಶ್ಚರ್ಯವಾಯಿತು. ಎರಡನೆಯದು ಆಟೋಪ್ಯಾಪ್. ಇದು ಚಿತ್ರ ತೋರಿಸುವ ಬದಲು ಇಡೀ ಸ್ಲೈಡ್‌ಗೆ ಅಂಕ ಕೊಟ್ಟು ಕ್ರಮದಲ್ಲಿ ಜೋಡಿಸುತ್ತಿತ್ತು. ಎರಡಕ್ಕೂ 1995ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಆದರೆ ಮರುಪರಿಶೀಲನೆಗೆ ಮಾತ್ರ. 1998ರಲ್ಲಿ ಆಟೋಪ್ಯಾಪ್‌ಗೆ ಮೊದಲ ಸುತ್ತಿನಲ್ಲೂ ಅವಕಾಶ ಸಿಕ್ಕಿತು. ಅತಿ ಕಡಿಮೆ ಅಪಾಯ ಎಂದು ಅದು ಬೇರ್ಪಡಿಸಿದ ಶೇಕಡಾ 25ರವರೆಗಿನ ಸ್ಲೈಡ್‌ಗಳನ್ನು ಮನುಷ್ಯರು ನೋಡದೆಯೇ ಪಕ್ಕಕ್ಕಿಡಬಹುದಿತ್ತು. ಯಾವ ಮನುಷ್ಯನೂ ನೋಡದ ಸ್ಲೈಡ್ ಮೇಲೆ ವರದಿ ಕೊಡುವುದು ಆಗ ಸಣ್ಣ ನಿರ್ಧಾರವಾಗಿರಲಿಲ್ಲ.

ತೆಳು ಪದರ ಮಾಡಿದ ವ್ಯತ್ಯಾಸ

ಯಂತ್ರದ ನಿಜವಾದ ಅಡ್ಡಿ ಸ್ಲೈಡ್‌ನ ಗದ್ದಲವಾಗಿತ್ತು. ಅದನ್ನು ನಿವಾರಿಸಿದ್ದು ದ್ರವದಲ್ಲಿ ಮಾದರಿ ಹಾಕುವ ವಿಧಾನ. ಬ್ರಷ್‌ನಲ್ಲಿ ಬಂದದ್ದನ್ನು ಸ್ಲೈಡ್‌ಗೆ ಸವರುವ ಬದಲು ದ್ರವವಿರುವ ಚಿಕ್ಕ ಬಾಟಲಿಯಲ್ಲಿ ತೊಳೆಯುತ್ತಾರೆ. ಯಂತ್ರವೊಂದು ಅದನ್ನು ಕಲಕಿ, ಸೋಸಿ, ರಕ್ತ ಮತ್ತು ಲೋಳೆಯನ್ನು ಕಡಿಮೆ ಮಾಡಿ, ಜೀವಕೋಶಗಳನ್ನು ಸ್ಲೈಡ್ ಮೇಲೆ ಒಂದು ಪುಟ್ಟ ವೃತ್ತದಲ್ಲಿ ತೆಳುವಾಗಿ ಹರಡುತ್ತದೆ. ಅಮೆರಿಕದ ಸೈಟಿಕ್ ಕಂಪನಿಯ ಥಿನ್‌ಪ್ರೆಪ್ ಎಂಬ ಇಂಥ ಪರೀಕ್ಷೆಗೆ 1996ರಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ಕಂಪನಿಯ ಚಿತ್ರಣ ಯಂತ್ರಕ್ಕೆ 2003ರಲ್ಲಿ ಒಪ್ಪಿಗೆ ಬಂತು. ಅದು ಕೆಲಸ ಮಾಡುವುದು ಹೀಗೆ:

ಮೊದಲನೆಯದಾಗಿ, ಸ್ಲೈಡ್‌ಗೆ ವಿಶೇಷ ಬಣ್ಣ ಹಾಕುತ್ತಾರೆ. ಕೋಶಕೇಂದ್ರದಲ್ಲಿ ಡಿಎನ್‌ಎ ಹೆಚ್ಚಿದ್ದಷ್ಟೂ ಈ ಬಣ್ಣ ಗಾಢವಾಗುತ್ತದೆ. ಕೆಟ್ಟ ಜೀವಕೋಶಗಳಲ್ಲಿ ಡಿಎನ್‌ಎ ಸಾಮಾನ್ಯವಾಗಿ ಹೆಚ್ಚಿರುತ್ತದೆ.

ಎರಡನೆಯದಾಗಿ, ಯಂತ್ರ ಇಡೀ ವೃತ್ತದ ಚಿತ್ರ ತೆಗೆದು, ಕೋಶಕೇಂದ್ರಗಳ ಗಾತ್ರ ಮತ್ತು ಗಾಢತೆಯನ್ನು ಅಳೆಯುತ್ತದೆ.

ಮೂರನೆಯದಾಗಿ, ಹೆಚ್ಚು ಅನುಮಾನವಿರುವ 22 ಜಾಗಗಳನ್ನು ಆರಿಸಿ, ಅವು ಸ್ಲೈಡ್‌ನಲ್ಲಿ ಎಲ್ಲಿವೆ ಎಂದು ನೆನಪಿಟ್ಟುಕೊಳ್ಳುತ್ತದೆ.

ನಾಲ್ಕನೆಯದಾಗಿ, ಸೈಟೋಟೆಕ್ನಾಲಜಿಸ್ಟ್ ವಿಶೇಷ ಸೂಕ್ಷ್ಮದರ್ಶಕದ ಮುಂದೆ ಕೂತಾಗ, ಮೋಟಾರ್ ಇರುವ ತಟ್ಟೆ ತಾನೇ ಸರಿದು ಆ 22 ಜಾಗಗಳನ್ನು ಒಂದೊಂದಾಗಿ ಕಣ್ಣ ಮುಂದೆ ತರುತ್ತದೆ. 22ರಲ್ಲೂ ಏನೂ ಇಲ್ಲದಿದ್ದರೆ ಸ್ಲೈಡ್ ಮುಗಿಯಿತು. ಒಂದರಲ್ಲಾದರೂ ಅನುಮಾನ ಬಂದರೆ ಇಡೀ ಸ್ಲೈಡನ್ನು ಹಳೆಯ ರೀತಿಯಲ್ಲೇ ಪೂರ್ತಿ ನೋಡಬೇಕು.

ಗಮನಿಸಿ, ಯಂತ್ರ ಎಲ್ಲಿಯೂ "ಕ್ಯಾನ್ಸರ್ ಇದೆ" ಅಥವಾ "ಇಲ್ಲ" ಎಂದು ಹೇಳುವುದಿಲ್ಲ. ಎಲ್ಲಿ ನೋಡಬೇಕು ಎಂದಷ್ಟೇ ಹೇಳುತ್ತದೆ. ತೀರ್ಪು ಮನುಷ್ಯರದ್ದೇ. ಆದರೆ ಯಂತ್ರ ಆರಿಸದ ಜಾಗದಲ್ಲಿ ಕೆಟ್ಟ ಜೀವಕೋಶ ಇದ್ದರೆ, ಆ ತೀರ್ಪು ಕೊಡುವವರಿಗೆ ಅದು ಕಾಣುವುದೇ ಇಲ್ಲ. ಹೀಗಾಗಿ ಆರಿಸುವುದೂ ಅರ್ಧ ತೀರ್ಪೇ.

ಒಂದು ಸಣ್ಣ ಲೆಕ್ಕ

100 ಸ್ಲೈಡ್‌ಗಳ ಮಿತಿ ಈಗ ಹೇಗೆ? ಅಮೆರಿಕದ ಅಧಿಕಾರಿಗಳು 2010ರಲ್ಲಿ ಇದನ್ನು ಸ್ಪಷ್ಟಪಡಿಸಿದರು. 22 ಜಾಗಗಳನ್ನು ಮಾತ್ರ ನೋಡಿದರೆ ಅದು ಅರ್ಧ ಸ್ಲೈಡ್. ಯಂತ್ರವಿಲ್ಲದೆ ಪೂರ್ತಿ ನೋಡಿದರೆ ಒಂದು ಸ್ಲೈಡ್. 22 ಜಾಗಗಳನ್ನು ನೋಡಿ, ಆಮೇಲೆ ಪೂರ್ತಿಯೂ ನೋಡಿದರೆ ಒಂದೂವರೆ ಸ್ಲೈಡ್.

ಉದಾಹರಣೆಗೆ, 100 ಸ್ಲೈಡ್‌ಗಳಲ್ಲಿ 20ನ್ನು ಪೂರ್ತಿ ನೋಡಬೇಕಾಯಿತು ಎಂದುಕೊಳ್ಳೋಣ.

80 × 0.5 = 40
20 × 1.5 = 30
ಒಟ್ಟು = 70

ಅಂದರೆ ಮೊದಲು ಇಡೀ ದಿನದ ಮಿತಿಯಾಗಿದ್ದ 100 ಸ್ಲೈಡ್‌ಗಳು ಈಗ 70ರ ಲೆಕ್ಕಕ್ಕೆ ಬರುತ್ತವೆ. ಅದೇ ವ್ಯಕ್ತಿ ಅದೇ ಮಿತಿಯೊಳಗೆ ಸುಮಾರು 142 ಸ್ಲೈಡ್ ನೋಡಬಹುದು. ಪೂರ್ತಿ ನೋಡಬೇಕಾದ ಸ್ಲೈಡ್‌ಗಳು ಹೆಚ್ಚಾದಂತೆ ಈ ಲಾಭ ಕರಗುತ್ತದೆ. ಎಲ್ಲವನ್ನೂ ಪೂರ್ತಿ ನೋಡಬೇಕಾದರೆ ಯಂತ್ರವಿಲ್ಲದಿದ್ದರೇ ಒಳ್ಳೆಯದಿತ್ತು ಎಂದಾಗುತ್ತದೆ. ಹಾಗೆಯೇ ಇದು ಗರಿಷ್ಠ ಮಿತಿ, ದಿನದ ಟಾರ್ಗೆಟ್ ಅಲ್ಲ ಎಂಬುದನ್ನು ನೆನಪಿಡಬೇಕು.

ಬೇಗ ಆದದ್ದು ಸರಿಯಾಗಿಯೂ ಆಯಿತೇ?

ಈ ಪ್ರಶ್ನೆಗೆ ಎರಡು ದೊಡ್ಡ ಅಧ್ಯಯನಗಳು ಬೇರೆ ಬೇರೆ ಉತ್ತರ ಕೊಟ್ಟವು.

ಮೊದಲನೆಯದು ಆಸ್ಟ್ರೇಲಿಯಾದ್ದು, 2007ರಲ್ಲಿ ಪ್ರಕಟವಾಯಿತು. 55,164 ಮಾದರಿಗಳನ್ನು ಎರಡು ರೀತಿಯಲ್ಲೂ ನೋಡಿದರು: ಹಳೆಯ ಸವರುವ ಸ್ಲೈಡ್ ಮತ್ತು ಮನುಷ್ಯರ ಕಣ್ಣು ಒಂದು ಕಡೆ, ದ್ರವದ ಸ್ಲೈಡ್ ಮತ್ತು ಚಿತ್ರಣ ಯಂತ್ರ ಇನ್ನೊಂದು ಕಡೆ. ಎರಡನೆಯ ರೀತಿಯಲ್ಲಿ ಪ್ರತಿ 1,000 ಮಹಿಳೆಯರಿಗೆ 1.29ರಷ್ಟು ಹೆಚ್ಚು ತೀವ್ರ ಬದಲಾವಣೆಯ ಪ್ರಕರಣಗಳು ಸಿಕ್ಕವು. ಯಂತ್ರ ಗೆದ್ದಿತು ಎಂದು ಅನ್ನಿಸುತ್ತದೆ. ಆದರೆ ಇಲ್ಲಿ ಸ್ಲೈಡ್ ಮತ್ತು ನೋಡುವ ರೀತಿ ಎರಡೂ ಒಟ್ಟಿಗೆ ಬದಲಾಗಿವೆ. ಒಂದು ಅಂಗಡಿಯವರು ಒಂದೇ ತಿಂಗಳಲ್ಲಿ ಬೆಲೆ ಇಳಿಸಿ, ಜಾಹೀರಾತನ್ನೂ ಹಾಕಿ, ಮಾರಾಟ ಹೆಚ್ಚಿತು ಎಂದರೆ, ಯಾವುದರಿಂದ ಹೆಚ್ಚಿತು ಎಂದು ಹೇಗೆ ಹೇಳುವುದು?

ಎರಡನೆಯದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ನಡೆದ ಮಾವರಿಕ್ ಅಧ್ಯಯನ, 2011ರಲ್ಲಿ ಪ್ರಕಟವಾದದ್ದು. 73,000ಕ್ಕೂ ಹೆಚ್ಚು ಮಾದರಿಗಳು. ಇಲ್ಲಿ ಎಲ್ಲವೂ ದ್ರವದ ಸ್ಲೈಡ್‌ಗಳೇ. ಬದಲಾದದ್ದು ನೋಡುವ ರೀತಿ ಮಾತ್ರ. ಯಂತ್ರದ ನೆರವಿನಿಂದ ಕೆಲಸದ ವೇಗ ಶೇಕಡಾ 60ರಿಂದ 80ರಷ್ಟು ಹೆಚ್ಚಿತು. ಆದರೆ ಚಿಕಿತ್ಸೆ ಬೇಕಾಗುವ ಮಟ್ಟದ ಬದಲಾವಣೆಗಳನ್ನು ಹಿಡಿಯುವ ಸಾಮರ್ಥ್ಯ ಮನುಷ್ಯರ ಓದಿಗಿಂತ ಶೇಕಡಾ 8ರಷ್ಟು ಕಡಿಮೆಯಾಯಿತು. ಮನುಷ್ಯರು ನೋಡಿ 100 ಪ್ರಕರಣ ಹಿಡಿಯುವಲ್ಲಿ ಯಂತ್ರದ ದಾರಿ ಸುಮಾರು 92ನ್ನು ಹಿಡಿದ ಹಾಗೆ. ಇದನ್ನು ನೋಡಿ ಸಂಶೋಧಕರು ಮೊದಲ ಹಂತದ ತಪಾಸಣೆಗೆ ಈ ಯಂತ್ರಗಳನ್ನು ಶಿಫಾರಸು ಮಾಡಲಿಲ್ಲ.

ನಮ್ಮ ವ್ಯವಹಾರ ಅಧ್ಯಯನದ ಪುಸ್ತಕದಲ್ಲಿ ದಕ್ಷತೆ ಮತ್ತು ಪರಿಣಾಮಕಾರಿತ್ವ ಎಂಬ ಎರಡು ಪದಗಳ ವ್ಯತ್ಯಾಸ ಬರೆಯಲು ಕೇಳುತ್ತಾರೆ. ಈ ಅಧ್ಯಯನ ಓದಿದ ಮೇಲೆ ಆ ಉತ್ತರ ನನಗೆ ಮರೆಯುವುದಿಲ್ಲ. ಕಡಿಮೆ ಸಮಯದಲ್ಲಿ ಹೆಚ್ಚು ಸ್ಲೈಡ್ ನೋಡುವುದು ದಕ್ಷತೆ. ನೋಡಬೇಕಾದದ್ದನ್ನು ನೋಡುವುದು ಪರಿಣಾಮಕಾರಿತ್ವ. ತಪ್ಪಿಹೋದ ಆ ಎಂಟರಲ್ಲಿ ಪ್ರತಿಯೊಂದೂ ಯಾರದೋ ತಾಯಿ.

ಹಾಗಾದರೆ ಯಂತ್ರ ಬೇಡವೇ? ಹಾಗೂ ಹೇಳಲಾಗದು. ನೋಡುವ ತರಬೇತಿ ಪಡೆದವರು ಸಾಕಷ್ಟು ಇದ್ದು, ಅವರ ಕೆಲಸವನ್ನು ಚೆನ್ನಾಗಿ ಪರಿಶೀಲಿಸುವ ವ್ಯವಸ್ಥೆ ಇರುವ ಕಡೆ ಹೋಲಿಕೆ ಒಂದು ರೀತಿ. ತರಬೇತಿ ಪಡೆದವರೇ ಇಲ್ಲದ ಕಡೆ ಹೋಲಿಕೆ ಬೇರೆ. ಅಲ್ಲಿ 100ಕ್ಕೆ ಎದುರಾಗಿ 92 ಅಲ್ಲ, ಸೊನ್ನೆಗೆ ಎದುರಾಗಿ 92.

ಕಂಪನಿಗಳ ಕಥೆ

ವಾಣಿಜ್ಯ ವಿಭಾಗದ ಗೆಳೆಯರಿಗಾಗಿ ಇಷ್ಟು ಸೇರಿಸುತ್ತೇನೆ. ಪ್ಯಾಪ್‌ನೆಟ್ ಮಾಡಿದ ಕಂಪನಿ 1999ರಲ್ಲಿ ದಿವಾಳಿಯಾಯಿತು. ಅದರ ಪೇಟೆಂಟ್ ಮೊದಲಾದ ಹಕ್ಕುಗಳನ್ನು ಆಟೋಸೈಟ್ ಎಂಬ ಕಂಪನಿ ಕೊಂಡಿತು. ಅದೇ ವರ್ಷ ಆಟೋಸೈಟ್, ಆಟೋಪ್ಯಾಪ್ ಮಾಡಿದ ನಿಯೋಪಾತ್ ಜೊತೆ ವಿಲೀನವಾಗಿ ಟ್ರೈಪಾತ್ ಆಯಿತು. 2006ರಲ್ಲಿ ಟ್ರೈಪಾತನ್ನು ಬಿಡಿ ಕಂಪನಿ ಕೊಂಡಿತು. 2007ರಲ್ಲಿ ಸೈಟಿಕ್ ಅನ್ನು ಹೊಲೊಜಿಕ್ ಕೊಂಡಿತು. ಇದಕ್ಕೂ ಮೊದಲು, 2002ರಲ್ಲಿ, ಸೈಟಿಕ್ ಕಂಪನಿ ಎಚ್‌ಪಿವಿ ಪರೀಕ್ಷೆ ತಯಾರಿಸುವ ಡಿಜೀನ್ ಕಂಪನಿಯನ್ನು ಕೊಳ್ಳಲು ಹೊರಟಿತ್ತು. ಸ್ಪರ್ಧೆಗೆ ಧಕ್ಕೆಯಾಗುತ್ತದೆ ಎಂದು ಅಮೆರಿಕದ ವ್ಯಾಪಾರ ಆಯೋಗ ವಿರೋಧಿಸಿತು, ಒಪ್ಪಂದ ಮುರಿಯಿತು. ಒಳ್ಳೆಯ ತಂತ್ರವಿದ್ದ ಮಾತ್ರಕ್ಕೆ ಕಂಪನಿ ಉಳಿಯುವುದಿಲ್ಲ, ಉಳಿದವರೆಲ್ಲ ಒಂದಾದರೆ ಕೊಳ್ಳುವವರಿಗೆ ಆಯ್ಕೆ ಉಳಿಯುವುದಿಲ್ಲ. ಎರಡು ಪಾಠಗಳೂ ಇಲ್ಲಿ ಒಟ್ಟಿಗೆ ಸಿಗುತ್ತವೆ.

ಈಗ ಎಲ್ಲಿಗೆ ಬಂದಿದೆ?

ಯಂತ್ರ ಸುಧಾರಿಸುತ್ತಿರುವಾಗಲೇ ತಪಾಸಣೆಯ ದಾರಿಯೇ ಬದಲಾಯಿತು. ಜೀವಕೋಶ ಕೆಟ್ಟಿದೆಯೇ ಎಂದು ಹುಡುಕುವ ಬದಲು, ಕೆಡಿಸುವ ವೈರಸ್ ಇದೆಯೇ ಎಂದು ಮೊದಲೇ ಪರೀಕ್ಷಿಸಬಹುದು. ಈ ಎಚ್‌ಪಿವಿ ಪರೀಕ್ಷೆಗೆ ಸ್ಲೈಡ್ ಬೇಕಿಲ್ಲ, ದಣಿಯುವ ಕಣ್ಣೂ ಇಲ್ಲ. ಆಸ್ಟ್ರೇಲಿಯಾ ಮತ್ತು ನೆದರ್‌ಲ್ಯಾಂಡ್ಸ್ 2017ರಲ್ಲಿ, ಇಂಗ್ಲೆಂಡ್ 2019ರಲ್ಲಿ ಈ ಪರೀಕ್ಷೆಯನ್ನು ಮೊದಲ ಹಂತಕ್ಕೆ ತಂದವು. ಇಂಗ್ಲೆಂಡಿನಲ್ಲಿ ವೈರಸ್ ಇದ್ದವರ ಸ್ಲೈಡ್ ಮಾತ್ರ ಈಗ ಸೂಕ್ಷ್ಮದರ್ಶಕದ ಕೆಳಗೆ ಬರುತ್ತದೆ. ಹೀಗೆ ಸ್ಲೈಡ್‌ಗಳ ಸಂಖ್ಯೆ ಕಡಿಮೆಯಾಯಿತು. ಆದರೆ ಉಳಿದ ಸ್ಲೈಡ್‌ಗಳಲ್ಲಿ ತೊಂದರೆ ಸಿಗುವ ಸಾಧ್ಯತೆ ಹೆಚ್ಚು, ಅವನ್ನು ಇನ್ನೂ ಎಚ್ಚರದಿಂದ ನೋಡಬೇಕು.

ಚಿತ್ರಣ ಯಂತ್ರಗಳೂ ಮುಂದೆ ಹೋಗಿವೆ. ಹೊಲೊಜಿಕ್‌ನ ಜೀನಿಯಸ್ ಎಂಬ ವ್ಯವಸ್ಥೆಗೆ 2024ರಲ್ಲಿ ಎಫ್‌ಡಿಎ ಅನುಮತಿ ಸಿಕ್ಕಿತು. ಇದು ಇಡೀ ಸ್ಲೈಡನ್ನು ಬೇರೆ ಬೇರೆ ಆಳಗಳಲ್ಲಿ ಸ್ಕ್ಯಾನ್ ಮಾಡಿ ಡಿಜಿಟಲ್ ಚಿತ್ರ ಮಾಡುತ್ತದೆ. ಕೃತಕ ಬುದ್ಧಿಮತ್ತೆ ಅನುಮಾನದ ಜೀವಕೋಶಗಳನ್ನು ಆರಿಸಿ ಕಂಪ್ಯೂಟರ್ ಪರದೆಯಲ್ಲಿ ಸಾಲಾಗಿ ಜೋಡಿಸುತ್ತದೆ. ಸ್ಲೈಡ್ ಒಂದು ಊರಿನಲ್ಲಿದ್ದು ನೋಡುವ ತಜ್ಞರು ಇನ್ನೊಂದು ಊರಿನಲ್ಲಿ ಇರಬಹುದು ಎಂಬುದು ಡಿಜಿಟಲ್ ಚಿತ್ರದ ದೊಡ್ಡ ಅನುಕೂಲ. ತಜ್ಞರು ನಗರಗಳಲ್ಲೇ ಸೇರಿಕೊಂಡಿರುವ ನಮ್ಮಂಥ ದೇಶಕ್ಕೆ ಇದು ಉಪಯೋಗಕ್ಕೆ ಬರುವ ಮಾತು. ಬೆಂಗಳೂರಿನ ಐಂದ್ರ ಸಿಸ್ಟಮ್ಸ್ ಎಂಬ ಕಂಪನಿಯೂ ಸರ್ವಾಸ್ಟ್ರ ಎಂಬ ಹೆಸರಿನಲ್ಲಿ, ಸ್ಲೈಡ್ ಚಿತ್ರ ತೆಗೆದು ಕಂಪ್ಯೂಟರ್‌ನಿಂದ ಪರಿಶೀಲಿಸುವ ವ್ಯವಸ್ಥೆಯನ್ನು ಅಭಿವೃದ್ಧಿಪಡಿಸಿದೆ.

ನಮ್ಮ ದೇಶದ ಲೆಕ್ಕ

2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1,27,000 ಮಹಿಳೆಯರಿಗೆ ಗರ್ಭಕಂಠ ಕ್ಯಾನ್ಸರ್ ಬಂತು, ಸುಮಾರು 80,000 ಮಹಿಳೆಯರು ಅದರಿಂದ ತೀರಿಕೊಂಡರು. ಇಡೀ ಜಗತ್ತಿನಲ್ಲಿ ಸತ್ತವರು ಸುಮಾರು 3,50,000. ಅಂದರೆ ಐದರಲ್ಲಿ ಒಬ್ಬರಿಗಿಂತ ಹೆಚ್ಚು ನಮ್ಮವರು. ಇನ್ನೊಂದು ಅಂಕಿ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ಶೇಕಡಾ 2ಕ್ಕಿಂತ ಕಡಿಮೆ.

ತಪಾಸಣೆಯನ್ನು ಒಂದು ಸರಪಳಿ ಎಂದುಕೊಳ್ಳಿ. ಮಹಿಳೆ ಬರಬೇಕು, ಮಾದರಿ ತೆಗೆಯಬೇಕು, ಸ್ಲೈಡ್ ಆಗಬೇಕು, ಅದನ್ನು ಓದಬೇಕು, ವರದಿ ಅವರ ಕೈಗೆ ಸೇರಬೇಕು, ಬೇಕಾದರೆ ಚಿಕಿತ್ಸೆ ಆಗಬೇಕು. ಇಷ್ಟು ಹೊತ್ತು ನಾವು ಮಾತಾಡಿದ ಯಂತ್ರ ಓದುವ ಕೊಂಡಿಯನ್ನು ಮಾತ್ರ ಗಟ್ಟಿ ಮಾಡುತ್ತದೆ. ನೂರರಲ್ಲಿ ತೊಂಬತ್ತೆಂಟು ಮಂದಿ ಮೊದಲ ಕೊಂಡಿಗೇ ಬರದಿದ್ದರೆ, ಎಷ್ಟು ಒಳ್ಳೆಯ ಯಂತ್ರ ತಂದರೂ ಅದಕ್ಕೆ ಓದಲು ಸ್ಲೈಡೇ ಇರುವುದಿಲ್ಲ.

ಆದ್ದರಿಂದಲೇ ನಮ್ಮ ದೇಶದಲ್ಲಿ ಸರಳ ದಾರಿಗಳನ್ನು ಪರೀಕ್ಷಿಸಿದ್ದಾರೆ. ಮುಂಬೈನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು, ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತೆಯರಿಂದ ಗರ್ಭಕಂಠಕ್ಕೆ ವಿನೆಗರ್‌ನಂಥ ದ್ರಾವಣ ಹಚ್ಚಿ ನೋಡುವ ತಪಾಸಣೆ ಮಾಡಿಸಿದರು. ತೊಂದರೆಯಿರುವ ಜಾಗ ಬಿಳಿಯಾಗುತ್ತದೆ. ಇದರಿಂದ ಈ ಕ್ಯಾನ್ಸರ್‌ನ ಸಾವುಗಳು ಶೇಕಡಾ 31ರಷ್ಟು ಕಡಿಮೆಯಾದವು ಎಂದು 2013ರಲ್ಲಿ ವರದಿಯಾಯಿತು. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದೇ ಒಂದು ಸುತ್ತಿನ ಎಚ್‌ಪಿವಿ ಪರೀಕ್ಷೆ ಸಾವುಗಳನ್ನು ಸುಮಾರು ಅರ್ಧಕ್ಕೆ ಇಳಿಸಿತು. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ದ್ರಾವಣ ಹಚ್ಚಿ ನೋಡುವ ತಪಾಸಣೆಯನ್ನು ಹೇಳುತ್ತದೆ.

ಸಂಕೋಚದ ಪ್ರಶ್ನೆ

ಮೊದಲ ಕೊಂಡಿಗೆ ಬರದಿರಲು ದೂರ, ಕೆಲಸ, ಹಣ ಎಲ್ಲವೂ ಕಾರಣ. ನಮ್ಮಂಥ ಮನೆಗಳಲ್ಲಿ ಇನ್ನೊಂದು ಕಾರಣವೂ ಇದೆ, ಶರಮ್. ಅಮ್ಮಿ, ಖಾಲಾ, ಫುಫು ಎಲ್ಲರೂ ಸಕ್ಕರೆ ಕಾಯಿಲೆ, ಬಿಪಿ ಬಗ್ಗೆ ಊಟದ ದಸ್ತರ್‌ಖಾನ್ ಮುಂದೆಯೇ ಮಾತಾಡುತ್ತಾರೆ. ಬಚ್ಚೇದಾನಿಯ ಮಾತು ಬಂದರೆ ದನಿ ತಗ್ಗುತ್ತದೆ. ಈ ಸಂಕೋಚವನ್ನು ನಾನು ತಮಾಷೆ ಮಾಡುವುದಿಲ್ಲ, ಅದಕ್ಕೆ ಗೌರವ ಕೊಟ್ಟೇ ದಾರಿ ಹುಡುಕಬೇಕು. ದಾರಿಗಳು ಇವೆ. ಲೇಡಿ ಡಾಕ್ಟರ್ ಅಥವಾ ನರ್ಸ್ ಅವರಿಂದಲೇ ಪರೀಕ್ಷೆ ಮಾಡಿಸಿ ಎಂದು ಕೇಳಬಹುದು, ಜೊತೆಗೆ ಮನೆಯ ಹೆಣ್ಣುಮಕ್ಕಳು ಹೋಗಬಹುದು. ಎಚ್‌ಪಿವಿ ಪರೀಕ್ಷೆಗೆ ಮಹಿಳೆಯರು ತಮ್ಮ ಮಾದರಿಯನ್ನು ತಾವೇ ತೆಗೆದುಕೊಳ್ಳುವ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ, ಆಸ್ಟ್ರೇಲಿಯಾದಲ್ಲಿ 2022ರಿಂದ ಇದು ತಪಾಸಣೆಗೆ ಬರುವ ಎಲ್ಲರಿಗೂ ಲಭ್ಯವಿದೆ. ಸ್ಲೈಡ್ ಪರೀಕ್ಷೆಗೆ ಈ ಅನುಕೂಲ ಇಲ್ಲ, ಅದಕ್ಕೆ ಗರ್ಭಕಂಠದಿಂದಲೇ ತೆಗೆದ ಮಾದರಿ ಬೇಕು. ಯಾವ ಯಂತ್ರವೂ ಇದನ್ನು ಬದಲಿಸಲಾರದು.

ನಾವು ಮಾಡಬಹುದಾದದ್ದು

ನಮ್ಮ ವಯಸ್ಸಿನವರಿಗೆ ಈ ತಪಾಸಣೆ ಇಲ್ಲ. ಆದರೆ ನಮ್ಮ ತಾಯಂದಿರು ಮತ್ತು ನಮಗೆ ಪಾಠ ಮಾಡುವ ಮೇಡಂಗಳಲ್ಲಿ ಹೆಚ್ಚಿನವರು 30 ದಾಟಿದವರೇ. ಆದ್ದರಿಂದ ಇಷ್ಟನ್ನು ಮನೆಗೆ ಒಯ್ಯಿರಿ:

1. 30 ದಾಟಿದ ಮೇಲೆ ತೊಂದರೆ ಏನೂ ಇಲ್ಲದಿದ್ದರೂ ತಪಾಸಣೆ ಬೇಕು. ತೊಂದರೆ ಕಾಣುವ ಮೊದಲೇ ಹಿಡಿಯುವುದು ಅದರ ಉದ್ದೇಶ.

2. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಎರಡು ಮುಟ್ಟಿನ ನಡುವೆ ರಕ್ತಸ್ರಾವವಾದರೆ, ವಾಸನೆಯ ಬಿಳಿಸ್ರಾವ ಇದ್ದರೆ ತಪಾಸಣೆಯ ಸರದಿಗೆ ಕಾಯಬಾರದು, ಕೂಡಲೇ ವೈದ್ಯರನ್ನು ಕಾಣಬೇಕು.

3. ಪರೀಕ್ಷೆ ಮಾಡಿಸಿದ ಮೇಲೆ ವರದಿ ತೆಗೆದುಕೊಂಡು ಬರಬೇಕು, ಅದನ್ನು ವೈದ್ಯರಿಗೆ ತೋರಿಸಬೇಕು. "ಬದಲಾವಣೆ ಇದೆ" ಎಂದು ಬಂದರೆ ಅದು ಕ್ಯಾನ್ಸರ್ ಎಂದು ಅರ್ಥವಲ್ಲ, ಮುಂದಿನ ಪರೀಕ್ಷೆ ಬೇಕು ಎಂದು ಅರ್ಥ.

4. ಮನೆಯಲ್ಲಿ 9ರಿಂದ 14 ವರ್ಷದ ತಂಗಿಯರಿದ್ದರೆ ಎಚ್‌ಪಿವಿ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿದೆ. ಲಸಿಕೆ ಹಾಕಿಸಿಕೊಂಡವರಿಗೂ ಮುಂದೆ ತಪಾಸಣೆ ಬೇಕು.

ಈ ಮಾತನ್ನು ಹೆಣ್ಣುಮಕ್ಕಳು ಮಾತ್ರ ಓದಿ ಮಡಚಿಡಬೇಕಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗುವವರು, ಹಣ ಕೊಡುವವರು, "ಈ ವಾರ ಬೇಡ, ಮುಂದೆ ನೋಡೋಣ" ಎನ್ನುವವರು ಹೆಚ್ಚಿನ ಮನೆಗಳಲ್ಲಿ ಅಬ್ಬಾ ಮತ್ತು ಅಣ್ಣಂದಿರೇ. ಸ್ಲೈಡ್ ಓದಲು ಯಂತ್ರಗಳು ಬಂದಿವೆ, ಇನ್ನೂ ಒಳ್ಳೆಯವು ಬರಲಿವೆ. ಅಮ್ಮಿಯನ್ನು ಆ ಬಾಗಿಲವರೆಗೆ ಕರೆದುಕೊಂಡು ಹೋಗುವ ಕೆಲಸ ಮಾತ್ರ ನಮ್ಮ ಪಾಲಿಗೇ ಉಳಿದಿದೆ.